ಮುಟ್ಟಬೇಡಿ ಅಂದರೂ ಮುಟ್ಟುತ್ತಾರೆ

ನಮ್ಮ ಮಾಡೆಲ್ ರೈಲು ನೋಡಲು ಬರುವವರಿಗೆ ಒಂದೇ ಮಾತು ಹೇಳುತ್ತೇವೆ: ಹಳಿ ಮುಟ್ಟಬೇಡಿ. ಆದರೂ ಬೆರಳು ಅಲ್ಲಿಗೇ ಹೋಗುತ್ತದೆ! ಅದೂ ಚಕ್ಕುಲಿ ತಿಂದ ಕೈ. ಎಚ್‌ಒ ಎಂಬ ಮಾಡೆಲ್ ರೈಲಿನ ಅಳತೆಯಲ್ಲಿ ಎರಡು ಹಳಿಗಳ ನಡುವೆ ಇರುವುದೇ 16.5 ಮಿ.ಮೀ. ಎಂಜಿನ್ನಿಗೆ ಕರೆಂಟು ಸಿಗುವುದು ಆ ಹಳಿಯಿಂದಲೇ, ಚಕ್ರದ ಮೂಲಕ. ಸ್ವಲ್ಪ ಜಿಡ್ಡಾದರೂ ಸಾಕು, ರೈಲು ತಡವರಿಸಿ ನಿಂತುಬಿಡುತ್ತದೆ. ಆಮೇಲೆ "ಇದಕ್ಕಾ ಇಷ್ಟು ದುಡ್ಡು ಸುರಿದಿದ್ದು?" ಅಂತ ಕೇಳುವವರೂ ಅವರೇ. ಮೈ ಉರಿಯುತ್ತದೆ.

ಭಾನುವಾರ ಗೆಳೆಯರು ಬಂದರೆ ಯಾರಿಗೂ ಏನೂ ಹೇಳಬೇಕಿಲ್ಲ. ಒಬ್ಬ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿಕೊಂಡು ಹಳಿ ಒರೆಸುತ್ತಾನೆ, ಇನ್ನೊಬ್ಬ ಚಕ್ರ. ಸುರಂಗದ ಒಳಗೆ ಕೈಯೇ ಹೋಗುವುದಿಲ್ಲ, ಅದು ಬೇರೆ ಕಷ್ಟ. ದಯವಿಟ್ಟು ಕಣ್ತುಂಬ ನೋಡಿ, ಎಷ್ಟು ಹೊತ್ತಾದರೂ ನೋಡಿ. ಕೈ ಮಾತ್ರ ಜೇಬಲ್ಲಿರಲಿ.