ನಿಮ್ಮ ಕಾಲೇಜಿನ ತಂಡದಲ್ಲಿ ಯಾರಿದ್ದರು?

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಅಂಗಳದ ಎಲೆ ಗುಡಿಸುತ್ತಿದ್ದೆ. ಪಕ್ಕದ ಮನೆಯ ಹಿರಿಯರು, ಅವರ ಮಗಳು ಮತ್ತು ಅಳಿಯ ಕಾರಿನ ಡಿಕ್ಕಿಗೆ ಕುರ್ಚಿಗಳನ್ನು ತುಂಬುತ್ತಾ ಏರುದನಿಯಲ್ಲಿ ವಾದಿಸುತ್ತಿದ್ದರು. ಮನೆಯೊಳಗಿನ ಜಗಳ, ನನಗೇಕೆ ಎಂದು ತಲೆ ತಗ್ಗಿಸಿಕೊಂಡೆ. ಆದರೆ ಕಿವಿಗೆ ಬಿದ್ದದ್ದು ಜಬ್ರಿಲ್ ಪೆಪರ್ಸ್ ಎಂಬ ಹೆಸರು. ಅಮೆರಿಕದ ಈ ಊರಿನ ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಅವನು ಕೊನೆಯ ಬಾರಿ ಆಡಿದ್ದು 2016ರಲ್ಲಿ. ಇಷ್ಟು ವರ್ಷಗಳ ಮೇಲೆ ಒಂದು ಕುಟುಂಬ ಅವನು ಯಾವ ಸ್ಥಾನದ ಆಟಗಾರ ಎಂದು ಬೆಳಗಿನ ಚಳಿಯಲ್ಲಿ ನಿಂತು ಜಗಳವಾಡುತ್ತಿತ್ತು.

ಇಲ್ಲಿಯ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಮೈಮೇಲೆ ಬಿದ್ದು ತಡೆಯುವ ಆಟ. ಒಂದು ಬದಿಗೆ ಹನ್ನೊಂದು ಮಂದಿ. ಚೆಂಡು ಕೈಯಲ್ಲಿದ್ದಾಗ ಒಂದು ಪಂಗಡ, ಎದುರಾಳಿಯ ಕೈಯಲ್ಲಿದ್ದಾಗ ಇನ್ನೊಂದು ಪಂಗಡ. ಪ್ರತಿಯೊಬ್ಬನಿಗೂ ಒಂದು ಸ್ಥಾನ, ಆ ಸ್ಥಾನಕ್ಕೊಂದು ಹೆಸರು, ಒಂದು ಕಸುಬು. ಪೆಪರ್ಸ್ ಮಾತ್ರ ಹತ್ತಕ್ಕೂ ಹೆಚ್ಚು ಸ್ಥಾನಗಳಲ್ಲಿ ಆಡಿದವನು. ಮಗಳು ಹೇಳುತ್ತಿದ್ದಳು: ಅವನು ಲೈನ್‌ಬ್ಯಾಕರ್, ಅಂದರೆ ರಕ್ಷಣೆಯ ಮುಂದಿನ ಸಾಲಿನ ಬೆನ್ನಿಗೇ ನಿಂತು ತಡೆಯುವವನು, ಆ ವರ್ಷ ಮಿಷಿಗನ್ ಆಡುವ ಬಿಗ್ ಟೆನ್ ಕೂಟದ ಶ್ರೇಷ್ಠ ಲೈನ್‌ಬ್ಯಾಕರ್ ಪ್ರಶಸ್ತಿ ಅವನಿಗೇ ಬಂತಲ್ಲ! ಅಳಿಯನ ಪ್ರಕಾರ ಅವನು ಸೇಫ್ಟಿ, ಅಂದರೆ ಎಲ್ಲರ ಹಿಂದೆ ನಿಂತು ಕಾಯುವವನು. ಮರುವರ್ಷ ಕ್ಲೀವ್‌ಲ್ಯಾಂಡಿನ ವೃತ್ತಿಪರ ತಂಡ ಅವನನ್ನು ಆರಿಸಿಕೊಂಡು ಆಡಿಸಿದ್ದು ಆ ಜಾಗದಲ್ಲೇ. ಹಿಂದೆ ನಿಂತು ಕಾಯುವವನಾಗಿದ್ದರೆ ಕಾಲೇಜಿನ ಅಷ್ಟೂ ಪಂದ್ಯಗಳಲ್ಲಿ ಎದುರಾಳಿ ಎಸೆದ ಚೆಂಡನ್ನು ಒಂದೇ ಒಂದು ಸಲ ಕಸಿದದ್ದೇಕೆ ಎಂದು ಮಗಳು ಮತ್ತೆ. ಹಿರಿಯರು ಇಬ್ಬರನ್ನೂ ತಡೆದು ಹೇಳಿದರು: "ಅವನನ್ನು ಒಂದು ಜಾಗದಲ್ಲಿ ನಿಲ್ಲಗೊಡಲಿಲ್ಲ. ಹುಡುಗನಿಗೆ ಆದ ಅನ್ಯಾಯ ಅದು."

ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಕಾಲೇಜಿನ ತಂಡದಲ್ಲಿ ಯಾರಿದ್ದರು? ಎಲ್ಲರಿಗಿಂತ ಶ್ರೇಷ್ಠ ಯಾರು?"

ನಮ್ಮಲ್ಲಿ ಈ ಆಟವಿಲ್ಲ ಎಂದೆ.

"ಯಾವ ಆಟವಾದರೂ ಸರಿ. ಒಂದು ಹೆಸರು ಹೇಳಿ."

ನನ್ನ ಬಾಯಲ್ಲಿ ಹೆಸರು ಹೊರಡಲಿಲ್ಲ. ಅವರು ನೋಯಿಸಬೇಕೆಂದು ಕೇಳಿದವರಲ್ಲ. ಹವಾಮಾನ ವಿಚಾರಿಸುವಷ್ಟೇ ಸಹಜವಾಗಿ ಕೇಳಿದ್ದರು. ಆದರೂ ಆ ದಿನವಿಡೀ ನನಗೆ ಊಟ ರುಚಿಸಲಿಲ್ಲ.

ನಾನು ಆನ್ ಆರ್ಬರ್ ಊರಿಗೆ ಬಂದು ಹನ್ನೊಂದು ವರ್ಷಗಳಾದವು. ಇಲ್ಲಿಯ ಕ್ರೀಡಾಂಗಣ 1927ರದ್ದು. ಈಗ ಅಲ್ಲಿ 1,07,601 ಮಂದಿ ಕೂರಬಹುದು. ಪಂದ್ಯದ ದಿನ ಎದುರಿನ ಹೈಸ್ಕೂಲಿನ ಬಯಲೆಲ್ಲ ವಾಹನಗಳಿಂದ ತುಂಬುತ್ತದೆ. ಮೊದಮೊದಲು ಅದು ನನಗೆ ಜಾತ್ರೆಯ ಗದ್ದಲವಾಗಿಯಷ್ಟೇ ಕಂಡಿತ್ತು. ಕ್ರಮೇಣ ಊರವರ ಮಾತು ಕಿವಿಗೆ ಬೀಳತೊಡಗಿತು. ಗದ್ದಲದ ಒಳಗಿದ್ದದ್ದು ನೆನಪು, ಅದೂ ಸ್ಥಾನ ಸ್ಥಾನವಾಗಿ ಜೋಡಿಸಿಟ್ಟ ನೆನಪು.

ಚಾರ್ಲ್ಸ್ ವುಡ್‌ಸನ್ ಹೆಸರು ಹೇಳುವುದು ಸುಲಭ. 1997ರಲ್ಲಿ ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಅವನಿಗೆ ಬಂತು. ಮುಖ್ಯವಾಗಿ ರಕ್ಷಣೆಯ ಪಂಗಡದಲ್ಲಿ ಆಡುವವನಿಗೆ ಅದು ಸಿಕ್ಕಿದ್ದು ಅದೇ ಮೊದಲು. ಎರಡನೆಯವನಾಗಿ ಉಳಿದವನು ಮುಂದೆ ವೃತ್ತಿಪರ ಆಟದಲ್ಲಿ ಬಹಳ ಹೆಸರು ಮಾಡಿದ ಪೇಟನ್ ಮ್ಯಾನಿಂಗ್. ವುಡ್‌ಸನ್‌ನಂಥವನನ್ನು ಯಾರು ತಾನೇ ಮರೆಯುತ್ತಾರೆ? ನಾನು ಬೆರಗಾದದ್ದು ಸ್ಟೀವ್ ಹಚಿನ್‌ಸನ್ ಬಗ್ಗೆ ಅವರು ಆಡುವ ಮಾತು ಕೇಳಿ. ಅವನು ಎಡಗಡೆಯ ಗಾರ್ಡ್. ಗಾರ್ಡ್ ಚೆಂಡನ್ನು ಎಸೆಯುವುದಿಲ್ಲ, ಹಿಡಿಯುವುದಿಲ್ಲ, ಅಂಕ ಗಳಿಸುವುದಿಲ್ಲ. ಎದುರಿಗೆ ನುಗ್ಗುವ ದಢೂತಿ ಆಳನ್ನು ಎದೆಯೊಡ್ಡಿ ತಡೆದು, ಹಿಂದೆ ನಿಂತವನಿಗೆ ಎರಡು ಕ್ಷಣ ಬಿಡುವು ಕೊಡುವುದೇ ಅವನ ಕೆಲಸ. ಅವನ ಎಡಕ್ಕೆ ಟ್ಯಾಕಲ್ ಸ್ಥಾನದಲ್ಲಿದ್ದವನು ಜೆಫ್ ಬ್ಯಾಕಸ್. 2001ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಂಡಾಗ ಹಚಿನ್‌ಸನ್ ಹದಿನೇಳನೆಯವನು, ಬ್ಯಾಕಸ್ ಹದಿನೆಂಟನೆಯವನು. ಕಾಲೇಜಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತವರು ಪಟ್ಟಿಯಲ್ಲೂ ಪಕ್ಕಪಕ್ಕದಲ್ಲೇ ಹೋದರು. ಇದನ್ನು ನನಗೆ ಹೇಳಿದ್ದು ಕೂದಲು ಕತ್ತರಿಸುವವರು. ಕತ್ತರಿಯನ್ನು ಗಾಳಿಯಲ್ಲಿ ನಿಲ್ಲಿಸಿ, ಕನ್ನಡಿಯಲ್ಲಿ ನನ್ನ ಕಣ್ಣನ್ನೇ ನೋಡುತ್ತಾ, ಬಾಚಣಿಗೆಯನ್ನು ಗಾರ್ಡ್ ಮಾಡಿ, ಪೌಡರಿನ ಡಬ್ಬಿಯನ್ನು ಟ್ಯಾಕಲ್ ಮಾಡಿ ತೋರಿಸಿದರು.

ಗಾರ್ಡ್, ಟ್ಯಾಕಲ್ ಮೊದಲಾಗಿ ಹೀಗೆ ತಡೆಯುವ ಐವರ ಸಾಲಿಗೆಂದೇ ಇಲ್ಲಿ ಒಂದು ರಾಷ್ಟ್ರೀಯ ಪ್ರಶಸ್ತಿಯಿದೆ: ಜೋ ಮೂರ್ ಪ್ರಶಸ್ತಿ. ಅದನ್ನು ಒಬ್ಬನಿಗೆ ಕೊಡುವುದಿಲ್ಲ, ಇಡೀ ಸಾಲಿಗೆ ಕೊಡುತ್ತಾರೆ. 2021 ಮತ್ತು 2022ರಲ್ಲಿ ಮಿಷಿಗನ್ ಸಾಲು ಅದನ್ನು ಗೆದ್ದಿತು. ಪಕ್ಕದ ಮನೆಯ ಹಿರಿಯರಿಗೆ ಆ ಎರಡು ವರ್ಷಗಳ ಹೆಮ್ಮೆ ಇನ್ನೂ ಇಳಿದಿಲ್ಲ. ಅವರು 1969ರಲ್ಲಿ ಇಲ್ಲೇ ವಿದ್ಯಾರ್ಥಿಯಾಗಿದ್ದವರು. ದೇಶದ ಮೊದಲ ಸ್ಥಾನದಲ್ಲಿದ್ದ, ಸತತ 22 ಪಂದ್ಯ ಗೆದ್ದು ಬಂದಿದ್ದ ಒಹಾಯೊ ಸ್ಟೇಟ್ ತಂಡವನ್ನು ಆ ನವೆಂಬರಿನಲ್ಲಿ ಮಿಷಿಗನ್ 24–12ರಿಂದ ಸೋಲಿಸಿತು. ಅಂದು ಬ್ಯಾರಿ ಪಿಯರ್ಸನ್ ಎಂಬ ಹುಡುಗ ಎದುರಾಳಿಯ ಚೆಂಡನ್ನು ಮೂರು ಸಲ ಕಸಿದ. ವುಡ್‌ಸನ್ ದೊಡ್ಡವನೇ, ಆದರೆ ಒಂದು ಮಧ್ಯಾಹ್ನಕ್ಕೆ ಪಿಯರ್ಸನ್ ಅವನಿಗಿಂತ ದೊಡ್ಡವನು ಎಂಬುದು ಹಿರಿಯರ ಖಚಿತ ಮತ. ಊರಾಚೆ ಎಷ್ಟು ಜನ ಪಿಯರ್ಸನ್ ಹೆಸರು ಕೇಳಿದ್ದಾರೋ ನಾನರಿಯೆ. ಈ ಬೀದಿಯಲ್ಲಿ ಅವನು ಇನ್ನೂ ಓಡುತ್ತಿದ್ದಾನೆ.

ಅವರ ನೆನಪಿನಲ್ಲಿ ಗೆಲುವು ಮಾತ್ರವಿಲ್ಲ, ನಾಚಿಕೆಯೂ ಇದೆ. ಮುಂದೆ ಅಮೆರಿಕದ ಅಧ್ಯಕ್ಷನಾದ ಜೆರಾಲ್ಡ್ ಫೋರ್ಡ್ ಈ ತಂಡದ ಸೆಂಟರ್ ಆಗಿದ್ದ, ಚೆಂಡನ್ನು ಕಾಲ ಸಂದಿಯಿಂದ ಹಿಂದಕ್ಕೆ ಕೊಟ್ಟು ಆಟ ಆರಂಭಿಸುವವನು. 1934ರಲ್ಲಿ ತಂಡ ಎಂಟರಲ್ಲಿ ಏಳು ಪಂದ್ಯ ಸೋತಿತು. ಆ ವರ್ಷದ ಅತಿ ಮೌಲ್ಯದ ಆಟಗಾರನೆಂದು ಜೊತೆಗಾರರು ಆರಿಸಿದ್ದು ಫೋರ್ಡ್‌ನನ್ನು. ಗೆದ್ದ ಒಂದೇ ಪಂದ್ಯ ಜಾರ್ಜಿಯಾ ಟೆಕ್ ವಿರುದ್ಧದ್ದು. ಕರಿಯ ಆಟಗಾರನಿದ್ದರೆ ತಾವು ಆಡುವುದಿಲ್ಲ ಎಂದು ದಕ್ಷಿಣದಿಂದ ಬಂದವರು ಹಟ ಹಿಡಿದಾಗ, ವಿಲ್ಲಿಸ್ ವಾರ್ಡ್‌ನನ್ನು ಹೊರಗೆ ಕೂರಿಸಿ ಆಡಿದ ಪಂದ್ಯ ಅದು. ಹಿರಿಯರು ಇದನ್ನು ಹೇಳುವಾಗ ದನಿ ತಗ್ಗಿಸುತ್ತಾರೆ, ಆದರೆ ಬಿಟ್ಟು ಮುಂದೆ ಹೋಗುವುದಿಲ್ಲ. ವಾರ್ಡ್ ಯಾವ ಸ್ಥಾನದವನು ಎಂಬುದನ್ನೂ ಹೇಳುತ್ತಾರೆ: ಎಂಡ್, ಸಾಲಿನ ತುದಿಯವನು.

ಈಗ ನಮ್ಮ ಕಡೆಗೆ ಬರುತ್ತೇನೆ.

ನಮ್ಮಲ್ಲಿ ಸ್ಥಾನದ ಚರ್ಚೆ ಇಲ್ಲವೆಂದಲ್ಲ. 2003ರ ವಿಶ್ವಕಪ್‌ನಲ್ಲಿ ದ್ರಾವಿಡ್ ಕೈಗೆ ವಿಕೆಟ್ ಕೀಪರ್ ಗ್ಲೌಸ್ ಕೊಟ್ಟದ್ದು ಸರಿಯೋ ತಪ್ಪೋ ಎಂದು ಎಷ್ಟು ಚಹಾ ತಣ್ಣಗಾಗಿದೆ! ಕೆ.ಎಲ್. ರಾಹುಲ್ ಆರಂಭಿಕನೋ, ಐದನೆಯವನೋ, ಕೀಪರೋ ಎಂದು ನಮ್ಮ ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಂದಿಗೂ ಎರಡು ಬಣಗಳಿವೆ. 2023ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅವನು ನೆದರ್ಲೆಂಡ್ಸ್ ವಿರುದ್ಧ 102 ಹೊಡೆದ ರಾತ್ರಿ ಆ ಗುಂಪು ಮಲಗಲೇ ಇಲ್ಲ. ಆದರೆ ನಮ್ಮ ನೆನಪು ಆರಂಭವಾಗುವುದು ಟಿ.ವಿ. ಎಲ್ಲಿ ಆರಂಭವಾಗುತ್ತದೋ ಅಲ್ಲಿಂದ. ಭಾರತದ ಅಂಗಿ ತೊಟ್ಟವನು ನಮ್ಮವನು. ನಮ್ಮದೇ ಕಾಲೇಜಿನ ಅಂಗಿ ತೊಟ್ಟು ಬಿದ್ದು ಎದ್ದವನು ಯಾರೂ ಅಲ್ಲ. ಅಲ್ಲಿಯೂ ನಮಗೆ ಬೇಕಾದದ್ದು ಅಂಕ ತಂದವನು ಮಾತ್ರ. ತುಮಕೂರಿನಲ್ಲಿರುವ ನನ್ನ ಅಕ್ಕನ ಮಗ ಬೆಂಗಳೂರು ಬುಲ್ಸ್ ಕಬಡ್ಡಿ ತಂಡವೆಂದರೆ ಪ್ರಾಣ ಬಿಡುತ್ತಾನೆ. 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಪವನ್ ಸೆಹ್ರಾವತ್ 22 ಅಂಕ ತಂದದ್ದನ್ನು ನಿದ್ದೆಯಲ್ಲೂ ಹೇಳುತ್ತಾನೆ. ಆ ತಂಡದಲ್ಲಿ ಎಡ ಕವರ್, ಅಂದರೆ ನಡುವಿನವನ ಎಡಕ್ಕೆ ನಿಂತು ಎದುರಾಳಿಯನ್ನು ಹಿಡಿಯುವವನು, ಯಾರು ಎಂದು ಕೇಳಿದೆ. ಮಹೇಂದರ್ ಸಿಂಗ್ ಎಂದು ನಾನೇ ಹೇಳಿಕೊಡಬೇಕಾಯಿತು.

ನಾನು ಓದಿದ್ದು ಬಯಲುಸೀಮೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ. ಎರಡನೆಯ ವರ್ಷದಲ್ಲಿದ್ದಾಗ ನಮ್ಮ ಕಬಡ್ಡಿ ತಂಡ ವಲಯ ಮಟ್ಟದಲ್ಲಿ ಗೆದ್ದಿತು. ಹಾಸ್ಟೆಲಿನ ಹಿಂದಿನ ಕೆಮ್ಮಣ್ಣಿನ ಅಂಕಣ, ಸಂಜೆ ಐದೂವರೆ, ನಾವೆಲ್ಲ ಊಟದ ತಟ್ಟೆ ಬಡಿಯುತ್ತಾ ಸುತ್ತ ನಿಂತಿದ್ದೆವು. ಕೊನೆಯ ದಾಳಿ. ಎದುರಾಳಿಯ ರೈಡರ್ ನಮ್ಮ ಬಲ ಮೂಲೆಯತ್ತ ಒದ್ದ. ಅಲ್ಲಿ ನಿಂತಿದ್ದ ನಮ್ಮ ಹುಡುಗ ನೆಲಕ್ಕೆ ಬಿದ್ದು ಅವನ ಕಣಕಾಲು ಹಿಡಿದ. ಗಲ್ಲ ನೆಲಕ್ಕೆ ಬಡಿದು ಒಡೆಯಿತು. ರೈಡರ್ ಎರಡು ಮಾರು ಎಳೆದುಕೊಂಡು ಹೋದರೂ ಕೈ ಬಿಡಲಿಲ್ಲ. ಸೀಟಿ ಊದಿದ ಮೇಲೂ ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಎದ್ದಾಗ ಗಲ್ಲದ ಮೇಲೆ ಮಣ್ಣು ಯಾವುದು ರಕ್ತ ಯಾವುದು ತಿಳಿಯುತ್ತಿರಲಿಲ್ಲ. ಹೆಗಲ ಮೇಲೆ ಹೊತ್ತು ಮೆರೆಸಿದ್ದು ನಮ್ಮ ರೈಡರನ್ನು. ಈ ಹುಡುಗ ನಲ್ಲಿಯ ಹತ್ತಿರ ಒಬ್ಬನೇ ಕೂತು ಗಲ್ಲ ತೊಳೆದುಕೊಳ್ಳುತ್ತಿದ್ದ.

ಅವನ ಹೆಸರು ನನಗೆ ನೆನಪಿಲ್ಲ. ನೆರೆಯ ಹಿರಿಯರ ಮುಂದೆ ನನ್ನ ನಾಲಿಗೆ ಕಟ್ಟಿದ್ದು ಇದಕ್ಕೇ. ಮುಖ ಕಣ್ಣಮುಂದಿತ್ತು, ಹೆಸರು ಹೋಗಿತ್ತು.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಕಾಲೇಜಿಗೆ ಹೋಗಿದ್ದೆ. ದೈಹಿಕ ಶಿಕ್ಷಣದ ಕೋಣೆಯ ಗೋಡೆಯಲ್ಲಿ ಆ ತಂಡದ ಚಿತ್ರ ಕಟ್ಟು ಹಾಕಿಸಿ ತೂಗಿಸಿದ್ದರು. ಈಗ ಆ ಕೋಣೆಯಲ್ಲಿ ಉತ್ತರಪತ್ರಿಕೆಗಳ ಕಟ್ಟುಗಳಿವೆ. ಮೊಳೆ ಇತ್ತು, ಅದರ ಸುತ್ತ ಸುಣ್ಣ ಬಡಿಯದ ಒಂದು ಚೌಕ ಇತ್ತು, ಚಿತ್ರ ಇರಲಿಲ್ಲ. ಕೇಳಿದರೆ ಯಾರಿಗೂ ಗೊತ್ತಿಲ್ಲ, ಕೇಳಿದ್ದೇಕೆಂದೂ ತಿಳಿಯಲಿಲ್ಲ. ಅದೇ ಕಟ್ಟಡದ ಕೆಳಗೆ, ಯಾವ ವರ್ಷ ಯಾರಿಗೆ ಯಾವ ಕಂಪನಿಯಲ್ಲಿ ಕೆಲಸ ಸಿಕ್ಕಿತು ಎಂಬ ಫಲಕ ಮಾತ್ರ ಬಣ್ಣ ಮಾಸದೆ ಹೊಳೆಯುತ್ತಿದೆ. ನನಗೆ ಸಿಟ್ಟು ಬಂತು, ಈಗಲೂ ಇದೆ. ಒಂದು ಸಂಸ್ಥೆಗೆ ತನ್ನ ಮಕ್ಕಳ ನೆನಪು ಇಟ್ಟುಕೊಳ್ಳಲು ಲಕ್ಷ ಜನರ ಕ್ರೀಡಾಂಗಣ ಬೇಡ. ಒಂದು ಗಾಜಿನ ಕಟ್ಟು, ಏಳು ಹೆಸರು, ಏಳು ಸ್ಥಾನ ಸಾಕು.

ಇದನ್ನೆಲ್ಲ ಇಲ್ಲಿಗೆ ಹತ್ತಿರದ ಟ್ರಾಯ್ ಪಟ್ಟಣದಲ್ಲಿರುವ ಕೊಡವ ಗೆಳೆಯನಿಗೆ ಹೇಳಿದೆ. ಅವನು ಒಪ್ಪಲಿಲ್ಲ. 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ತನ್ನ ಮನೆತನದ ತಂಡದಲ್ಲಿ ಯಾವ ವರ್ಷ ಯಾರು ಸೆಂಟರ್ ಹಾಫ್, ಯಾರು ಗೋಲಿ ಎಂದು ತನ್ನ ಅಜ್ಜಿಗೂ ಗೊತ್ತು ಎಂದ. "ನಿನ್ನ ಕಾಲೇಜು ಮರೆತಿದೆ, ಅದಕ್ಕೆ ಇಡೀ ನಾಡನ್ನು ಬೈಯಬೇಡ" ಎಂದ. ಅದು ನಿಜ, ಒಪ್ಪದೆ ಬೇರೆ ದಾರಿಯಿಲ್ಲ.

ಒಪ್ಪಬೇಕಾದದ್ದು ಇನ್ನೂ ಇದೆ. ಇಲ್ಲಿಯ ನೆನಪಿನ ಹಿಂದೆ ದೊಡ್ಡ ಹಣವಿದೆ. ಅನೇಕ ರಾಜ್ಯಗಳಲ್ಲಿ ಸರ್ಕಾರಿ ಸಂಸ್ಥೆಗಳಿಂದ ಅತಿ ಹೆಚ್ಚು ಸಂಬಳ ಪಡೆಯುವವನು ಕುಲಪತಿಯಲ್ಲ, ಫುಟ್‌ಬಾಲ್ ತರಬೇತುದಾರ. ಆಟಗಾರರು ಮಾತ್ರ ತಮ್ಮ ಹೆಸರಿನಿಂದ ಹಣ ಗಳಿಸಲು 2021ರವರೆಗೆ ಕಾಯಬೇಕಾಯಿತು. ತಲೆಗೆ ಬೀಳುವ ಪೆಟ್ಟುಗಳ ಫಲ ಎಷ್ಟೋ ಮಂದಿಗೆ ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ನನ್ನ ಮಗ ಈ ಆಟ ಆಡುತ್ತೇನೆ ಎಂದರೆ ನಾನು ಹೂಂ ಎನ್ನಲಾರೆ. ನಮ್ಮ ಬಲ ಮೂಲೆಯ ಹುಡುಗ ಗಲ್ಲಕ್ಕೆ ನಾಲ್ಕು ಹೊಲಿಗೆ ಹಾಕಿಸಿಕೊಂಡು ಮರುದಿನ ಇಂಟರ್ನಲ್ಸ್ ಬರೆದ. ಅಷ್ಟರಮಟ್ಟಿಗೆ ನಮ್ಮ ಆಟ ಒಳ್ಳೆಯದು.

ಹೋದ ವಾರ ಸಹಪಾಠಿಗಳ ಗುಂಪಿನಲ್ಲಿ ಏಳು ಸ್ಥಾನಗಳನ್ನು ಬರೆದು, ಹೆಸರು ತುಂಬಿ ಎಂದು ಹಾಕಿದೆ. ಎರಡು ದಿನ ಯಾರೂ ಮಾತಾಡಲಿಲ್ಲ. ಮೂರನೆಯ ದಿನ ಹುಬ್ಬಳ್ಳಿಯಲ್ಲಿರುವ ಗೆಳತಿ ನಾಲ್ಕು ಹೆಸರು ಬರೆದಳು, ರಾತ್ರಿಯ ಹೊತ್ತಿಗೆ ಆರಾದವು. ಗಲ್ಲ ಒಡೆದುಕೊಂಡ ಹುಡುಗನ ಹೆಸರೂ ಅದರಲ್ಲಿತ್ತು; ಓದಿದ ಕೂಡಲೇ ಅವನ ದನಿಯೂ ನೆನಪಾಯಿತು. ಈಗ ಅವನು ಹಾವೇರಿಯ ಹತ್ತಿರ ಮೆಣಸಿನಕಾಯಿ ಬೆಳೆಯುತ್ತಾನಂತೆ. ಏಳನೆಯವನು ಇನ್ನೂ ಸಿಕ್ಕಿಲ್ಲ. ಅಷ್ಟರಲ್ಲಿ ನಮ್ಮ ಅಂದಿನ ಹಾಸ್ಟೆಲ್ ಕಾರ್ಯದರ್ಶಿ, ಆ ಹುಡುಗ ಬಲ ಕಾರ್ನರ್ ಅಲ್ಲ, ಬಲ ಕವರ್ ಎಂದು ಬರೆದಿದ್ದಾನೆ. ಕಾರ್ಯದರ್ಶಿ ಅಂದು ಅಂಕಣದ ಆಚೆ ಬದಿಯಲ್ಲಿ ನಿಂತಿದ್ದ. ನಾನು ಈ ಬದಿಯಲ್ಲಿದ್ದೆ, ಗೆರೆಯಿಂದ ಎರಡು ಹೆಜ್ಜೆ ದೂರದಲ್ಲಿ. ಅವನು ಬಲ ಕಾರ್ನರ್.