ಸ್ಪಷ್ಟನೆ: ಸ್ನಾಪ್‌ಡ್ರಾಗನ್ ಲ್ಯಾಪ್‌ಟಾಪಿನಲ್ಲಿ ತೊಡಕಿರುವುದು ಡ್ರೈವರ್‌ನಲ್ಲಿ

“ಇದರಾಗ ನಮ್ಮ ಹಳೇ ಸಾಫ್ಟ್‌ವೇರ್ ಯಾವೂ ನಡಿಯಂಗಿಲ್ಲಂತಲ್ರೀ?” ಹುಬ್ಬಳ್ಳಿಯ ವ್ಯಾಪಾರಿಗಳ ನಡುವೆ ಓಡಾಡುತ್ತಿರುವ ಈ ಮಾತು ಸರಿಯಲ್ಲ. 2024ರ ಜೂನ್‌ನಲ್ಲಿ ಬಂದ ಸ್ನಾಪ್‌ಡ್ರಾಗನ್ ಎಕ್ಸ್ ಲ್ಯಾಪ್‌ಟಾಪುಗಳದ್ದು ಆರ್ಮ್ ಚಿಪ್, ಮೊಬೈಲಿನ ಜಾತಿಯದ್ದು. ಇಂಟೆಲ್‌ಗೆಂದು ಬರೆದ ಪ್ರೋಗ್ರಾಂಗಳನ್ನು ವಿಂಡೋಸ್ 11ರೊಳಗಿನ ‘ಪ್ರಿಸಂ’ ಆ ಚಿಪ್‌ಗೆ ತಿಳಿಯುವಂತೆ ಮಾರ್ಪಡಿಸಿ ಓಡಿಸುತ್ತದೆ, ಹೆಚ್ಚಿನವು ನಡೆಯುತ್ತವೆ.

ಪ್ರಿಂಟರಿನಂಥ ಸಾಧನಗಳನ್ನು ಲ್ಯಾಪ್‌ಟಾಪಿನೊಂದಿಗೆ ಬೆಸೆದು ನಡೆಸುವ ಪ್ರೋಗ್ರಾಂಗಳಾದ ಡ್ರೈವರ್‌ಗಳಿಗೆ ಮಾತ್ರ ಈ ಅನುಕೂಲ ಇಲ್ಲ. ಅವು ಆರ್ಮ್‌ಗೆಂದೇ ತಯಾರಾಗಿರಬೇಕು. ಹಳೇ ಪ್ರಿಂಟರ್, ಹೆಬ್ಬೆಟ್ಟಿನ ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್ (ಪೆನ್‌ಡ್ರೈವ್‌ನಂಥ ಯುಎಸ್‌ಬಿ ಕಡ್ಡಿ) ಕೈಕೊಡುವುದು ಇಲ್ಲೇ. ಜಿಎಸ್‌ಟಿ ರಿಟರ್ನ್‌ನ ಕೊನೇ ದಿನ ಟೋಕನ್ ತೆರೆಯದಿದ್ದರೆ ಎದೆ ಧಸಕ್ಕೆನ್ನುತ್ತದೆ. ಬ್ಯಾಟರಿ ಬಾಳಿಕೆ ನಿಜಕ್ಕೂ ಚಲೋ. ಆದರೂ ಡ್ರೈವರ್ ಸಿಗುವತನಕ ಅಂಗಡಿ ಮಂದಿ ಇದರತ್ತ ವಾಲುವುದು ಕಷ್ಟವೆಂದೇ ನನ್ನ ಅನಿಸಿಕೆ. ಕೊಪ್ಪೀಕರ ರಸ್ತೆಯಲ್ಲಿ ಬಿಲ್ ಹಾಕಿಸುವ ಮೊದಲು ಟೋಕನ್ ಒಯ್ದು ಅಲ್ಲೇ ಚುಚ್ಚಿ ನೋಡಿ.