ಸ್ಪಷ್ಟನೆ: 'ಗುರಿ ಒಳ್ಳೆಯದಾದರೆ ದಾರಿ ಯಾವುದಾದರೂ ಸರಿ' ಮೆಕಿಯಾವೆಲ್ಲಿ ಮಾತಲ್ಲ

"ಗುರಿ ಒಳ್ಳೆಯದಾದರೆ ದಾರಿ ಯಾವುದಾದರೂ ಸರಿ – ಮೆಕಿಯಾವೆಲ್ಲಿ" ಅನ್ನುವ ಚಿತ್ರವೊಂದು ಓಡಾಡುತ್ತಿದೆ. ಹೋದ ವಾರ ನಾನೂ ಅದನ್ನು ಹಂಚಿಕೊಂಡಿದ್ದೆ. ಅದು ತಪ್ಪು. ಮೆಕಿಯಾವೆಲ್ಲಿ ಸುಮಾರು ಐನೂರು ವರ್ಷಗಳ ಹಿಂದೆ ಇಟಲಿಯಲ್ಲಿದ್ದ ರಾಜಕೀಯ ಚಿಂತಕ; ಅವನು ಹಾಗೆ ಬರೆದಿಲ್ಲ.

ಬರೆದದ್ದು ಬೇರೆ. ದೊರೆ ಹೇಗೆ ಆಳಬೇಕು ಅಂತ ಹೇಳುವ ಅವನ 'ದಿ ಪ್ರಿನ್ಸ್' ಪುಸ್ತಕ ಅಚ್ಚಾದದ್ದು 1532ರಲ್ಲಿ, ಅವನು ತೀರಿಕೊಂಡ ಮೇಲೆ. ಈ ಮಾತಿಗೆ ಹತ್ತಿರವಾಗಿ ಅದರ 18ನೇ ಅಧ್ಯಾಯದಲ್ಲಿ ಇರುವುದು ಇಟಾಲಿಯನ್‌ನ ನಾಲ್ಕೇ ಪದಗಳು: 'ಸಿ ಗ್ವಾರ್ದಾ ಆಲ್ ಫಿನೆ'. ಅಂದರೆ, ಕೊನೆಗೆ ಏನಾಯಿತು ಅಂತ ನೋಡುತ್ತಾರೆ. ದೊರೆಯ ಮೇಲೆ ದೂರು ಕೊಡಲು ನ್ಯಾಯಾಲಯವೇ ಇಲ್ಲ, ಹಾಗಾಗಿ ಜನ ಫಲ ನೋಡಿ ಅಳೆಯುತ್ತಾರೆ ಎನ್ನುತ್ತಾನೆ. ಜನ ಹೀಗೆ ಅಳೆಯುತ್ತಾರೆ ಅನ್ನುವುದು ಬೇರೆ, ಮಾಡಿದ್ದೆಲ್ಲ ಸರಿ ಅನ್ನುವುದು ಬೇರೆ, ಅಲ್ವಾ?

ಹಾಗಂತ ಅವನು ಕೆಟ್ಟ ದಾರಿಯನ್ನು ಒಪ್ಪಲೇ ಇಲ್ಲ ಅಂತಲ್ಲ. ಒಡಹುಟ್ಟಿದವನನ್ನೇ ಕೊಂದು ರೋಮ್ ನಗರ ಕಟ್ಟಿದ ಅಂತ ಕಥೆಗಳಲ್ಲಿ ಬರುವ ರೋಮುಲಸ್ ಬಗ್ಗೆ ಇನ್ನೊಂದು ಪುಸ್ತಕದಲ್ಲಿ ಬರೆಯುತ್ತಾ, ಮಾಡಿದ ಕೆಲಸ ಅವನನ್ನು ದೂರಿದರೂ ಅದರ ಫಲ ಅವನನ್ನು ಕ್ಷಮಿಸಬೇಕು ಎನ್ನುತ್ತಾನೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಆದರೆ ಇಲ್ಲೂ ದೂರು ಅಳಿಸಿಹೋಗಿಲ್ಲ ನೋಡಿ. ಕ್ಷಮೆ ಬೇಕಾಗುವುದು ತಪ್ಪಿಗೇ ತಾನೇ?

ನಾನು ಹಾಕಿದ್ದ ಚಿತ್ರದ ಕೆಳಗೆ ಒಬ್ಬರು, "ಹಾಗಾದರೆ ಕಾಪಿ ಹೊಡೆದು ಪಾಸಾದರೂ ತಪ್ಪಿಲ್ಲ" ಅಂತ ಬರೆದರು. ಅದನ್ನು ಓದಿ ಮನಸ್ಸಿಗೆ ಬಹಳ ಕಸಿವಿಸಿಯಾಯಿತು. ಹೇಳದ ಮಾತೊಂದು ಮೋಸಕ್ಕೆ ಒಪ್ಪಿಗೆಯ ಚೀಟಿ ಆಗಿಬಿಟ್ಟಿತ್ತು.

ನಾನು ಆ ಚಿತ್ರ ಅಳಿಸಿದ್ದೇನೆ. ನನ್ನಿಂದ ಪಡೆದವರು ದಯವಿಟ್ಟು ಅಳಿಸಿ, ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅಲ್ಲಿಗೆ ಈ ಸ್ಪಷ್ಟನೆಯನ್ನೂ ಹಾಕಿ.